ಮಲ್ಪೆಯಿಂದ ಕಾಪುವಿಗೆ: ಒಂದು ದಿನದ ಕಡಲ ತಿರುಗಾಟ ಹೇಗೆ?

ಉಡುಪಿಗೆ ಬಂದವರು ಒಂದೇ ದಿನದಲ್ಲಿ ಮಲ್ಪೆ, ಮರವಂತೆ, ಕಾಪು ಮೂರನ್ನೂ ಮುಗಿಸಲು ಹೋಗಿ ಹೆದ್ದಾರಿಯಲ್ಲೇ ಅರ್ಧ ದಿನ ಕಳೆಯುತ್ತಾರೆ. ಮರವಂತೆ ಇರುವುದು ಕುಂದಾಪುರದಿಂದಲೂ ಆಚೆ. ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಬೆಳಿಗ್ಗೆ ಸೇಂಟ್ ಮೇರೀಸ್ ದ್ವೀಪ, ಮಧ್ಯಾಹ್ನ ಮಲ್ಪೆಯಲ್ಲಿ ಊಟ, ಆಮೇಲೆ ಮಟ್ಟು ದಾರಿಯಾಗಿ ಕಾಪು ಲೈಟ್‌ಹೌಸ್. ಒಂದು ದಿನಕ್ಕೆ ಇಷ್ಟು ಧಾರಾಳ. ಈ ಕ್ರಮವನ್ನು ಮಾತ್ರ ಹಿಂದುಮುಂದು ಮಾಡಬೇಡಿ. ಬೆಳಿಗ್ಗೆ ಕಡಲು ಶಾಂತವಾಗಿರುತ್ತದೆ. ನೆಲ ಕಾದಂತೆಲ್ಲ ಪಡುಗಾಳಿ ಬಲವಾಗಿ ಮಧ್ಯಾಹ್ನದ ಬೋಟು ಹೊಯ್ದಾಡುತ್ತದೆ.

ಹೊರಡುವ ಮೊದಲು

ಮಳೆಗಾಲದಲ್ಲಿ ದ್ವೀಪದ ಬೋಟು ಬಂದ್. ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗುವುದು ಉತ್ತಮ. ದಿನ ಗೊತ್ತುಮಾಡುವಾಗ ಪಂಚಾಂಗವನ್ನೂ ನೋಡಿ: ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಇಳಿತ ಎರಡೂ ಜೋರು. ಇಳಿತದ ಹೊತ್ತಿಗೆ ದ್ವೀಪದಲ್ಲಿದ್ದರೆ ನೀರಿನಡಿಯ ಬಂಡೆಗಳೂ ಕಾಣುತ್ತವೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ನಿನ್ನೆಯ ಲೆಕ್ಕ ಇವತ್ತಿಗೆ ಆಗದು.

ತಲೆಗೊಂದು ಲೀಟರ್ ನೀರನ್ನು ಸ್ಟೀಲ್ ಬಾಟಲಿಯಲ್ಲಿ ಒಯ್ಯಿರಿ. ದ್ವೀಪಕ್ಕೆ ಪ್ಲಾಸ್ಟಿಕ್ ಬೇಡವೇ ಬೇಡ. ಕಾಲಿಗೆ ಹಿಂಬದಿ ಪಟ್ಟಿಯಿರುವ ರಬ್ಬರ್ ಚಪ್ಪಲಿ ಇರಲಿ. ಹವಾಯಿ ಚಪ್ಪಲಿ ಪಾಚಿಯ ಮೇಲೆ ಜಾರುತ್ತದೆ, ಬರಿಗಾಲನ್ನು ಚಿಪ್ಪುಗಳು ಕೊಯ್ಯುತ್ತವೆ. ಬೋಟಿನಲ್ಲಿ ವಾಂತಿ ಬರುವವರು ಮಾತ್ರೆಯನ್ನು ಅರ್ಧ ಗಂಟೆ ಮೊದಲೇ ನುಂಗಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಪ್ರಯೋಜನವಿಲ್ಲ.

ದ್ವೀಪದಲ್ಲಿ

ಉಡುಪಿಯಿಂದ ಮಲ್ಪೆಗೆ ಸುಮಾರು 6 ಕಿ.ಮೀ., ಸಿಟಿ ಬಸ್ಸು ಸಿಗುತ್ತದೆ. ಜನ ಸೇರದೆ ಬೋಟು ಬಿಡುವುದಿಲ್ಲ. ಹಾಗಾಗಿ ಮೊದಲ ಬೋಟಿಗೇ ಟಿಕೆಟ್ ಮಾಡಿಸಿ, ವಾಪಸ್ ಬರುವಾಗಲೂ ಅದನ್ನೇ ತೋರಿಸಬೇಕೇ ಎಂದು ಕೇಳಿಟ್ಟುಕೊಳ್ಳಿ. ದೊಡ್ಡ ಬೋಟಾದರೆ ದ್ವೀಪದ ಹತ್ತಿರ ಸಣ್ಣ ದೋಣಿಗೆ ಹತ್ತಿಸುತ್ತಾರೆ. ಆಗ ಮೊಬೈಲ್ ಜೇಬಿನಲ್ಲಿರಲಿ, ಕೈಗಳೆರಡೂ ಖಾಲಿಯಿರಲಿ.

ಇಳಿದವರು ತೆಂಗಿನ ಮರದಡಿ ಫೋಟೊ ತೆಗೆದು ಹಿಂದಿರುಗುವುದು ನಿಜಕ್ಕೂ ನಷ್ಟ. ಕಂಬಗಳಂತೆ ಒತ್ತೊತ್ತಾಗಿ ನಿಂತ ಬಂಡೆಗಳ ಹತ್ತಿರ ಹೋಗಿ ತುದಿ ನೋಡಿ: ಐದು, ಆರು, ಏಳು ಮೂಲೆಗಳು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ಇದು. ಆರುವಾಗ ಕುಗ್ಗಿ, ಕೆರೆಯ ಒಣ ಕೆಸರಿನ ಹಾಗೆ ಬಿರುಕು ಬಿಟ್ಟಿತು. ಬಿರುಕು ಮೇಲಿನಿಂದ ಕೆಳಗಿಳಿದು ಕಂಬವಾಯಿತು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಿದು; ಕಲ್ಲಿನ ಚೂರನ್ನೂ ಎತ್ತಿಕೊಂಡು ಬರಬಾರದು. ಈಜು ಬೇಡವೆಂದು ಗುರುತು ಹಾಕಿದ ಕಡೆ ಮೊಣಕಾಲುದ್ದ ನೀರಿಗೂ ಇಳಿಯಬೇಡಿ. ಬಂಡೆಗಳ ನಡುವಿನ ಸೆಳೆತ ಮೇಲಿನಿಂದ ಕಾಣುವುದಿಲ್ಲ.

ಮಟ್ಟು ದಾರಿ

ಮಲ್ಪೆಯಲ್ಲಿ ಮೀನೂಟ ಮುಗಿಸಿ, ಬಿಸಿಲು ಸ್ವಲ್ಪ ಇಳಿದ ಮೇಲೆ ಸೇತುವೆ ದಾಟಿ ಪಡುಕೆರೆಗೆ ಬನ್ನಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಕಿರಿದಾದ ರಸ್ತೆ. ಬೈಕಿಗೂ ರಿಕ್ಷಾಕ್ಕೂ ಹೇಳಿ ಮಾಡಿಸಿದ ದಾರಿ. ದೊಡ್ಡ ವಾಹನದಲ್ಲಿ ಬಂದರೆ ಎದುರು ಗಾಡಿ ಸಿಕ್ಕಾಗ ಹಿಂದೆ ಸರಿಯುವುದೇ ಕೆಲಸ. ಬೆಳೆಯ ಕಾಲವಾದರೆ ಮಟ್ಟುಗುಳ್ಳ ಕೊಳ್ಳಿ: ಗುಂಡಗೆ, ತಿಳಿ ಹಸಿರು, ತೊಟ್ಟಿನಲ್ಲಿ ಮುಳ್ಳು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬದನೆ ಇದು.

ಬಸ್ಸಿನವರು ಈ ದಾರಿ ಬಿಟ್ಟು ಉಡುಪಿಗೆ ಮರಳಿ, ಮಂಗಳೂರು ಕಡೆಯ ಬಸ್ಸು ಹತ್ತಿ ಕಾಪು ಪೇಟೆಯಲ್ಲಿ ಇಳಿಯಲಿ. ಅಲ್ಲಿಂದ ಬೀಚಿಗೆ ರಿಕ್ಷಾ ಇದೆ.

ಕಾಪುವಿನಲ್ಲಿ

1901ರಲ್ಲಿ ಬಂಡೆಯ ಮೇಲೆ ಕಟ್ಟಿದ ಲೈಟ್‌ಹೌಸಿನ ಎತ್ತರ ಸುಮಾರು 27 ಮೀಟರ್. ಜನರನ್ನು ಮೇಲೆ ಬಿಡುವುದು ಸಂಜೆ ಸ್ವಲ್ಪ ಹೊತ್ತು ಮಾತ್ರ. ಸೂರ್ಯಾಸ್ತ ಡಿಸೆಂಬರ್‌ನಲ್ಲಿ 6 ಗಂಟೆ ದಾಟುತ್ತಲೇ, ಏಪ್ರಿಲ್‌ನಲ್ಲಿ ಸುಮಾರು 6.40ಕ್ಕೆ. ಅದಕ್ಕೇ ಕಾದು ಬಂದರೆ ಬಾಗಿಲು ಮುಚ್ಚಿರುತ್ತದೆ. 5 ಗಂಟೆಗೆ ಮೊದಲೇ ತಲುಪಿ. ಮೆಟ್ಟಿಲು ಇಕ್ಕಟ್ಟು, ಮಂಡಿನೋವಿನವರು ಕೆಳಗಿನ ಬಂಡೆಯಿಂದಲೇ ನೋಡಲಿ.

ನೀರಿಗಿಳಿಯುವ ಮೊದಲು ಐದು ನಿಮಿಷ ದಡದಲ್ಲಿ ನಿಂತು ಅಲೆ ನೋಡಿ. ಎರಡೂ ಬದಿ ಅಲೆ ಒಡೆಯುತ್ತಿದ್ದು, ನಡುವೆ ಮಾತ್ರ ನೀರು ಸಪಾಟಾಗಿ, ಕಪ್ಪಾಗಿ, ನೊರೆಯನ್ನು ಆಚೆಗೆ ಒಯ್ಯುತ್ತಿದ್ದರೆ ಅದೇ ಸೆಳೆತದ ದಾರಿ. ಬಂಡೆಯ ಬುಡದಲ್ಲಿ ಇದು ಹೆಚ್ಚು. ಹೊಸಬರು ಅಲೆಯಿಲ್ಲ ಎಂದು ನಂಬಿ ಅಲ್ಲಿಗೇ ಇಳಿಯುತ್ತಾರೆ. ಸಿಕ್ಕಿಬಿದ್ದರೆ ದಡದತ್ತ ಈಜಬೇಡಿ, ಸುಸ್ತಾಗಿ ಮುಳುಗುತ್ತೀರಿ. ದಡಕ್ಕೆ ಸಮಾನಾಂತರವಾಗಿ ಬದಿಗೆ ಈಜಿ, ಅಲೆ ಒಡೆಯುವ ಜಾಗ ಸಿಕ್ಕ ಮೇಲೆ ಒಳಗೆ ಬನ್ನಿ. ಈಜು ಬಾರದವರು ಕೈ ಎತ್ತಿ ಕೂಗುತ್ತ ತೇಲಲು ನೋಡಬೇಕು. ದಡದಲ್ಲಿದ್ದವರು ಹಿಂದೆಯೇ ಹಾರದೆ ಜೀವರಕ್ಷಕರನ್ನು ಕರೆದು, ಹಗ್ಗವನ್ನೋ ತೇಲುವ ಕ್ಯಾನನ್ನೋ ಎಸೆಯಲಿ. ಕತ್ತಲಾದ ಮೇಲೆ ನೀರಿನ ತಂಟೆಯೇ ಬೇಡ.