ಎತ್ತರಿಸಿದ ಜೀಪು ನಡುಗುತ್ತಿದೆಯೇ? ಮೊದಲು ಕೋನ ಅಳೆಯಿರಿ

ಲಿಫ್ಟ್ ಕಿಟ್ ಹಾಕಿಸಿದ ವಾರದೊಳಗೆ ಎಲ್ಲರದ್ದೂ ಅದೇ ದೂರು. ಸ್ಪೀಡ್ ಏರಿದರೆ ಸೀಟಿನಡಿ ಗುಂಯ್ ಅನ್ನುತ್ತದೆ, ಸ್ಟೀರಿಂಗ್ ಅತ್ತಿತ್ತ ಅಲೆಯುತ್ತದೆ. ಆಮೇಲೆ ವೀಲ್ ಬ್ಯಾಲೆನ್ಸ್, ಮತ್ತೊಮ್ಮೆ ವೀಲ್ ಬ್ಯಾಲೆನ್ಸ್, ಕೊನೆಗೆ ಹೊಸ ಟೈರು. ನಡುಕ ಮಾತ್ರ ಹಾಗೇ ಇರುತ್ತದೆ.

ಮೊದಲು ನಿಂತಲ್ಲೇ ಎಂಜಿನ್ ರೇಸ್ ಮಾಡಿ. ಆಗಲೂ ನಡುಗಿದರೆ ಎಂಜಿನ್ ಮೌಂಟ್ ನೋಡಿ. ಓಡುವಾಗ ಆಕ್ಸಿಲರೇಟರ್ ಒತ್ತಿದರೆ ಒಂದು ಥರ, ಬಿಟ್ಟರೆ ಇನ್ನೊಂದು ಥರ ನಡುಗಿದರೆ ಅನುಮಾನ ಪ್ರೊಪೆಲ್ಲರ್ ಶಾಫ್ಟ್ ಮೇಲೆ, ಅಂದರೆ ಎಂಜಿನ್ ಶಕ್ತಿಯನ್ನು ಆಕ್ಸಲ್‌ಗೆ ಒಯ್ಯುವ ಉದ್ದ ಕೊಳವೆಯ ಮೇಲೆ. ಶಾಫ್ಟ್ ಹಿಡಿದು ತಿರುಚಿ ನೋಡಿ. ಅದರ ತುದಿಯ ಬಾಗುವ ಕೀಲಿನಲ್ಲಿ, ಅಂದರೆ ಕ್ರಾಸ್‌ನಲ್ಲಿ, ಪ್ಲೇ (ಸಡಿಲ) ಇದ್ದರೆ ಬದಲಿಸಿ.

ಈಗ ಕೋನ. ಎಲ್ಲರೂ ಎಡವುವುದು ಇಲ್ಲೇ. ಜಾಕ್ ಮೇಲೆ ಆಕ್ಸಲ್ ನೇತಾಡುವಾಗ ಅಳೆದರೆ ಲೆಕ್ಕವೆಲ್ಲ ಸುಳ್ಳು. ಗಾಡಿ ನಾಲ್ಕೂ ಚಕ್ರದ ಮೇಲೆ, ಸಮನೆಲದಲ್ಲಿ ನಿಂತಿರಬೇಕು. ಡಿಜಿಟಲ್ ಆ್ಯಂಗಲ್ ಗೇಜ್‌ನಿಂದ ಮೂರು ಕಡೆ ಅಳೆಯಿರಿ: ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ) ಕಡೆಯ ಫ್ಲ್ಯಾಂಜ್ (ಶಾಫ್ಟ್ ಬೋಲ್ಟ್ ಮಾಡುವ ತಟ್ಟೆ), ಶಾಫ್ಟ್‌ನ ಕೊಳವೆ, ಆಕ್ಸಲ್ ಕಡೆಯ ಪಿನಿಯನ್ (ಶಾಫ್ಟ್ ತಿರುಗಿಸುವ ಗೇರ್) ಫ್ಲ್ಯಾಂಜ್. ಹಿಂದಿನ ಶಾಫ್ಟ್ ಲೆಕ್ಕ ಹೀಗಿದೆ ಅಂದುಕೊಳ್ಳಿ: ಕೇಸ್ ಹಿಂದಕ್ಕೆ 4 ಡಿಗ್ರಿ ಇಳಿಜಾರು, ಶಾಫ್ಟ್ 12, ಪಿನಿಯನ್ 7. ಪಕ್ಕಪಕ್ಕದ ಎರಡನ್ನು ಕಳೆದರೆ ಮುಂದಿನ ಕ್ರಾಸ್‌ನ ಕೋನ 8, ಹಿಂದಿನದು 5. ಬಾಗಿದ ಕ್ರಾಸ್ ಪ್ರತಿ ಸುತ್ತಿಗೆ ಎರಡು ಸಲ ಶಾಫ್ಟ್‌ನ ವೇಗ ಏರಿಸಿ ಇಳಿಸುತ್ತದೆ. ಇನ್ನೊಂದು ಕ್ರಾಸ್ ಅಷ್ಟೇ ಬಾಗಿದ್ದರೆ ಆ ಏರಿಳಿತ ಅಲ್ಲೇ ಸರಿಹೋಗುತ್ತದೆ. ಇಲ್ಲಿ 3 ಡಿಗ್ರಿ ವ್ಯತ್ಯಾಸ, ಅದೇ ಆ ಗುಂಯ್. ಇದನ್ನು 1 ಡಿಗ್ರಿಯೊಳಗೆ ತನ್ನಿ.

ಆದರೆ ಟ್ರಾನ್ಸ್‌ಫರ್ ಕೇಸ್ ಕಡೆಯ ತುದಿಯೊಂದರಲ್ಲೇ ಎರಡು ಕ್ರಾಸ್ ಒತ್ತೊತ್ತಾಗಿ ಜೋಡಿಸಿದ ಶಾಫ್ಟ್ ಇದ್ದರೆ ಈ ಲೆಕ್ಕ ನಡೆಯಲ್ಲ. ಆಗ ಪಿನಿಯನ್ ಮೂತಿ ನೇರ ಶಾಫ್ಟ್ ಕಡೆಗೇ ನೋಡಬೇಕು. ಹಿಂದಿನ ಆಕ್ಸಲ್ ಆದರೆ 1–2 ಡಿಗ್ರಿ ಕೆಳಗಿಡಿ, ಎಳೆಯುವಾಗ ಮೂತಿ ತಾನೇ ಮೇಲೇಳುತ್ತದೆ.

ಕೋನ ಸರಿಪಡಿಸಲು ಲೀಫ್ ಸ್ಪ್ರಿಂಗ್ (ಪಟ್ಟಿ ಸ್ಪ್ರಿಂಗ್) ಗಾಡಿಗೆ ಸ್ಪ್ರಿಂಗ್-ಆಕ್ಸಲ್ ನಡುವೆ ಇಡುವ ಬೆಣೆಯಂಥ ಶಿಮ್ ಬರುತ್ತದೆ. ಸ್ಟೀಲಿನದೇ ತನ್ನಿ. ಅಲ್ಯೂಮಿನಿಯಂದು ಜಜ್ಜಿಹೋಗಿ, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಸಡಿಲಾಗುತ್ತದೆ. ಕಾಯಿಲ್ ಸ್ಪ್ರಿಂಗ್ ಗಾಡಿಗೆ, ಆಕ್ಸಲನ್ನು ಹಿಡಿದಿಡುವ ಅಡ್ಜಸ್ಟ್ ಮಾಡಬಹುದಾದ ಆರ್ಮ್. ಟ್ರಾನ್ಸ್‌ಫರ್ ಕೇಸನ್ನೇ ಕೆಳಗಿಳಿಸುವ ಸ್ಪೇಸರ್ ಕೂಡ ಸಿಗುತ್ತದೆ, ನನಗಂತೂ ಸೇರುವುದಿಲ್ಲ. ದುಡ್ಡು ಕೊಟ್ಟು ಗಾಡಿ ಎತ್ತರಿಸಿ, ಅದರ ಹೊಟ್ಟೆ ಇಳಿಸುವುದು ಯಾಕೆ? ಅಂದಹಾಗೆ, ಶಾಫ್ಟ್ ಬಿಚ್ಚುವ ಮುಂಚೆ ಒಂದರೊಳಗೊಂದು ಹಲ್ಲಿನಲ್ಲಿ ಕೂರುವ ಅದರ ಎರಡೂ ತುಂಡಿಗೆ ಪೇಂಟ್ ಗುರುತು ಹಾಕಿ. ಒಂದು ಹಲ್ಲು ತಪ್ಪಿ ಕೂತರೂ ಹೊಸ ನಡುಕ ಶುರು.

ಸ್ಟೀರಿಂಗ್ ತಿರುಗಿಸಿ ಬಿಟ್ಟಾಗ ತಾನೇ ಮಧ್ಯಕ್ಕೆ ಬರದಿದ್ದರೆ ಕ್ಯಾಸ್ಟರ್ (ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗಿದೆ. ಸರಿಪಡಿಸಲು ಮುಂದಿನ ಆಕ್ಸಲ್ ತಿರುಗಿಸಿದರೆ ಪಿನಿಯನ್ ಮೂತಿಯೂ ತಗ್ಗುತ್ತದೆ. ಹಾಗಾಗಿ ಎರಡನ್ನೂ ಒಟ್ಟಿಗೇ ಅಳೆಯಿರಿ. ಉಬ್ಬು ಹತ್ತಿದಾಗ ಗಾಡಿ ಪಕ್ಕಕ್ಕೆ ಎಳೆದರೆ ಡ್ರ್ಯಾಗ್ ಲಿಂಕ್ (ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ಸರಳು), ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ ಪಕ್ಕಕ್ಕೆ ಜರುಗದಂತೆ ಹಿಡಿಯುವ ಸರಳು) ಎರಡೂ ಒಂದೇ ಓರೆಯಲ್ಲಿವೆಯಾ ನೋಡಿ.

ಸ್ಟೀರಿಂಗ್ ಹುಚ್ಚಾಪಟ್ಟೆ ಕುಣಿಯುತ್ತಾ? ಎಂಜಿನ್ ಚಾಲೂ ಇಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಒಬ್ಬರು ಸ್ಟೀರಿಂಗ್ ಸ್ವಲ್ಪ ಎಡಕ್ಕೆ ಬಲಕ್ಕೆ ಆಡಿಸಲಿ. ನೀವು ಬಗ್ಗಿ ಪ್ಯಾನ್‌ಹಾರ್ಡ್ ಬೋಲ್ಟ್ ನೋಡಿ. ಬೋಲ್ಟ್ ತೂತಿನೊಳಗೆ ಕೂದಲೆಳೆಯಷ್ಟು ಜರುಗಿದರೂ ಕಳ್ಳ ಸಿಕ್ಕಿದ. ಸ್ಟೀರಿಂಗ್ ಕುಣಿತ ತಗ್ಗಿಸುವ ಹೊಸ ಡ್ಯಾಂಪರ್ ಹಾಕಿದರೆ ಅವನು ಸುಮ್ನೆ ಅಡಗಿ ಕೂರುತ್ತಾನೆ ಅಷ್ಟೇ.

ರಬ್ಬರ್ ಬುಷ್ ಬೋಲ್ಟ್‌ಗಳ ಕೊನೆಯ ಬಿಗಿತ ಗಾಡಿ ನೆಲಕ್ಕಿಳಿದ ಮೇಲೇ ಆಗಲಿ. ಯು-ಬೋಲ್ಟ್‌ಗಳನ್ನು ಕೆಲವು ನೂರು ಕಿ.ಮೀ. ಓಡಿಸಿ ಇನ್ನೊಮ್ಮೆ ಬಿಗಿ ಮಾಡಿ. ಅಲೈನ್‌ಮೆಂಟ್ ಇದೆಲ್ಲ ಮುಗಿದ ಮೇಲೆ.