ಕ್ಲೌಡ್ ವಿಎಂಗೆ ಕನ್ನ ಬಿದ್ದಾಗ ಸಾಕ್ಷ್ಯ ಹಿಡಿಯುವುದು ಹೇಗೆ?

ಕ್ಲೌಡ್‌ನಲ್ಲಿ ಓಡುತ್ತಿರುವ ವರ್ಚುವಲ್ ಮಷೀನಿಗೆ (ವಿಎಂ) ಯಾರೋ ಕನ್ನ ಹಾಕಿದ್ದಾರೆಂದು ಗೊತ್ತಾದ ಕೂಡಲೇ ಹೆಚ್ಚಿನ ಕಡೆ ಆಗುವುದು ಒಂದೇ: ಆ ವಿಎಂ ಅಳಿಸಿ, ಹಳೆಯ ಇಮೇಜ್‌ನಿಂದ (ಸಿದ್ಧ ಡಿಸ್ಕ್ ಪ್ರತಿ) ಹೊಸದನ್ನು ಎಬ್ಬಿಸುತ್ತಾರೆ. ಸೇವೆ ಬೇಗ ಶುರುವಾಗುತ್ತದೆ ನಿಜ. ಆದರೆ ಕಳ್ಳ ಹೇಗೆ ಬಂದ, ಏನು ಒಯ್ದ ಎಂಬುದಕ್ಕಿದ್ದ ಆಧಾರವೂ ಅದರ ಜೊತೆಗೇ ಹೋಗಿಬಿಡುತ್ತದೆ. ಸ್ವಂತ ಸರ್ವರ್ ಆಗಿದ್ದರೆ ಹಾರ್ಡ್‌ಡಿಸ್ಕ್ ಬಿಚ್ಚಿ ಸೀಲ್ ಮಾಡಬಹುದಿತ್ತು. ಇಲ್ಲಿ ಒಂದೇ ಸ್ಟೋರೇಜ್ ಮೇಲೆ ಹತ್ತಾರು ಗ್ರಾಹಕರ ದತ್ತಾಂಶ ಕೂತಿರುತ್ತದೆ, ಬಿಚ್ಚುವ ಮಾತೇ ಇಲ್ಲ.

ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಕ್ಯಾಂಪಸ್‌ನ ಜೋಸಯ್ಯ ಡೈಕ್‌ಸ್ಟ್ರಾ ಮತ್ತು ಅಲನ್ ಶೆರ್ಮನ್ 2013ರಲ್ಲೇ ಇದಕ್ಕೊಂದು ದಾರಿ ತೋರಿಸಿದರು. ಓಪನ್‌ಸ್ಟ್ಯಾಕ್ ಎಂಬ ಮುಕ್ತ ಕ್ಲೌಡ್ ತಂತ್ರಾಂಶಕ್ಕಾಗಿ ಅವರು ಕಟ್ಟಿದ ‘ಫ್ರಾಸ್ಟ್’ ಸಲಕರಣೆ ವಿಎಂ ಒಳಗೆ ಕಾಲಿಡುವುದಿಲ್ಲ. ಡಿಸ್ಕ್, ಎಪಿಐ ಲಾಗ್ (ಕ್ಲೌಡ್‌ಗೆ ಬಂದ ಆದೇಶಗಳ ದಾಖಲೆ), ಫೈರ್‌ವಾಲ್ ಲಾಗ್ ಮೂರನ್ನೂ ನಿರ್ವಹಣಾ ಪದರದಿಂದಲೇ ತೆಗೆಯುತ್ತದೆ. ಇದೇ ಸರಿಯಾದ ಕ್ರಮ. ರೂಟ್‌ಕಿಟ್ (ತನ್ನನ್ನು ಅಡಗಿಸಿಕೊಳ್ಳುವ ಕುತಂತ್ರಾಂಶ) ಹೊಕ್ಕ ವಿಎಂನ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ನಮಗೆ ಸುಳ್ಳು ಹೇಳಬಲ್ಲದು. ಅಲ್ಲಿ ಲಾಗಿನ್ ಆಗಿ ಕೊಟ್ಟ ಒಂದೊಂದು ಕಮಾಂಡ್ ಕೂಡ ಸಾಕ್ಷ್ಯವನ್ನು ಕದಡುತ್ತದೆ. ಈ ಮೂರಕ್ಕೆ ಮೆಮೊರಿಯನ್ನೂ (ರ್ಯಾಮ್) ಸೇರಿಸಿ ಓಪನ್‌ಸ್ಟ್ಯಾಕ್ ಮತ್ತು ವಿಎಂಗಳನ್ನು ಓಡಿಸುವ ಕೆವಿಎಂ ಮೇಲೆ ಸೌಲಭ್ಯ ಕಟ್ಟುವ ಬಗೆ ಇಲ್ಲಿದೆ.

ಅಧಿಕಾರ ಬೇರೆ, ಜಾಗವೂ ಬೇರೆ

ಓಪನ್‌ಸ್ಟ್ಯಾಕ್‌ನಲ್ಲಿ ಗುರುತು, ಅಧಿಕಾರ ನೋಡಿಕೊಳ್ಳುವ ಕೀಸ್ಟೋನ್‌ನಲ್ಲಿ ‘ಫೊರೆನ್ಸಿಕ್’ ಎಂಬ ಹೊಸ ರೋಲ್ ಮಾಡಿ. ಸಾಕ್ಷ್ಯ ಇಡಲು ಪ್ರತ್ಯೇಕ ಪ್ರಾಜೆಕ್ಟ್ ಇರಲಿ, ಮಾಮೂಲಿ ಅಡ್ಮಿನ್‌ಗಳಿಗೆ ಅಲ್ಲಿ ಅಳಿಸುವ ಅಧಿಕಾರ ಬೇಡ. ಕನ್ನ ಹಾಕಿದವನ ಕೈಗೆ ಸಿಕ್ಕಿರುವುದು ಅಡ್ಮಿನ್ ಪಾಸ್‌ವರ್ಡೇ ಆಗಿರಬಹುದು. ಸೆಫ್ ಎಂಬ ಸ್ಟೋರೇಜ್ ತಂತ್ರಾಂಶದ ಆಬ್ಜೆಕ್ಟ್ ಗೇಟ್‌ವೇ ಬಳಸುವವರು ಆಬ್ಜೆಕ್ಟ್ ಲಾಕ್ ಹಾಕಿಟ್ಟರೆ ನಿಗದಿತ ಅವಧಿ ಮುಗಿಯುವವರೆಗೆ ಫೈಲ್ ತಿದ್ದಲು ಆಗದು.

ಮೆಮೊರಿ ತೆಗೆದುಕೊಡುವ ಎಪಿಐ ವಿಎಂಗಳನ್ನು ನಡೆಸುವ ನೋವಾದಲ್ಲಿ ಇಲ್ಲ. ‘ಸರ್ವರ್ ಡಂಪ್ ಕ್ರಿಯೇಟ್’ ಎಂಬ ಕಮಾಂಡ್ ನೋಡಿ ಮೋಸಹೋಗಬೇಡಿ. ಅದು ವಿಎಂಗೆ ಎನ್‌ಎಂಐ ಎಂಬ ತುರ್ತು ಇಂಟರಪ್ಟ್ ಕಳಿಸಿ ಒಳಗಿನ ಕರ್ನಲನ್ನೇ ಕ್ರ್ಯಾಶ್ ಮಾಡಿಸುತ್ತದೆ. ಒಳಗೆ ಕೆಡಂಪ್ (ಕ್ರ್ಯಾಶ್ ಆದಾಗ ಮೆಮೊರಿ ಉಳಿಸುವ ವ್ಯವಸ್ಥೆ) ಸಿದ್ಧವಿಲ್ಲದಿದ್ದರೆ ಇದ್ದದ್ದೂ ಕೈಬಿಡುತ್ತದೆ. ಹಾಗಾಗಿ ವಿಎಂಗಳು ಓಡುವ ಪ್ರತಿ ಕಂಪ್ಯೂಟ್ ಹೋಸ್ಟ್ ಮೇಲೂ, ಅವನ್ನು ನಿಯಂತ್ರಿಸುವ ಲಿಬ್‌ವರ್ಟ್ ಜೊತೆ ಮಾತಾಡುವ ಸಣ್ಣದೊಂದು ಏಜೆಂಟ್ ಬರೆಯಲೇಬೇಕು. ಹೊರೈಜನ್ ಡ್ಯಾಶ್‌ಬೋರ್ಡ್‌ನ ಬಟನ್ ಈ ಏಜೆಂಟನ್ನು ಕರೆಯಲಿ.

ಬೀಗ, ಪ್ಯಾಕೆಟ್, ಮೆಮೊರಿ

ಮೊದಲು ಅಡ್ಮಿನ್ ಆಗಿ ‘ಸರ್ವರ್ ಲಾಕ್’ ಕೊಡಿ. ಗ್ರಾಹಕರು ಗಾಬರಿಯಲ್ಲಿ ಡಿಲೀಟ್ ಒತ್ತಿದರೂ ನೋವಾ ಒಪ್ಪುವುದಿಲ್ಲ. ಆಟೋಸ್ಕೇಲಿಂಗ್ (ವಿಎಂ ಸಂಖ್ಯೆಯನ್ನು ತಾನಾಗಿ ಹೊಂದಿಸುವ ವ್ಯವಸ್ಥೆ) ಇದ್ದರೆ ಅದನ್ನೂ ನಿಲ್ಲಿಸಿ, ಇಲ್ಲವಾದರೆ ‘ಕೆಟ್ಟ’ ವಿಎಂ ಬದಲಿಸುವ ಪ್ರಯತ್ನ ನಡೆದೇ ಇರುತ್ತದೆ.

ಮರುಕ್ಷಣವೇ ನೆಟ್‌ವರ್ಕ್ ಪ್ಯಾಕೆಟ್‌ಗಳನ್ನು ದಾಖಲಿಸುವ ಟಿಸಿಪಿಡಂಪ್ ಶುರುವಾಗಲಿ. ಹೋಸ್ಟ್ ಮೇಲೆ ವಿಎಂನ ಟ್ಯಾಪ್ ಇಂಟರ್‌ಫೇಸ್ (ಅದರ ನೆಟ್‌ವರ್ಕ್ ತುದಿ) ಹುಡುಕುವುದು ಸುಲಭ: ‘ಟ್ಯಾಪ್’ ಪದದ ಮುಂದೆ, ನೆಟ್‌ವರ್ಕ್ ನೋಡಿಕೊಳ್ಳುವ ನ್ಯೂಟ್ರಾನ್ ಕೊಟ್ಟ ಪೋರ್ಟ್ ಐಡಿಯ ಮೊದಲ 11 ಅಕ್ಷರ. ನೆಟ್‌ವರ್ಕ್ ಕಡಿಯುವುದು ಮೆಮೊರಿ ತೆಗೆದಾದ ಮೇಲೆಯೇ. ಮೊದಲೇ ಕಡಿದರೆ ತೆರೆದಿದ್ದ ಸಂಪರ್ಕಗಳ ವಿವರ ಮೆಮೊರಿಯಿಂದ ಮಾಯವಾಗತೊಡಗುತ್ತದೆ. ಆದರೆ ದತ್ತಾಂಶ ಕಣ್ಣೆದುರೇ ಹೊರಹೋಗುತ್ತಿದ್ದರೆ ಕಾಯಬೇಡಿ, ಕಡಿಯಿರಿ.

ಈಗ ‘ಸರ್ವರ್ ಪಾಸ್’ ಕೊಟ್ಟು ವಿಎಂ ತಡೆಹಿಡಿಯಿರಿ. ಏಜೆಂಟ್ ಲಿಬ್‌ವರ್ಟ್‌ನ ‘ವಿರ್ಶ್ ಡಂಪ್’ ಕಮಾಂಡನ್ನು ‘ಮೆಮೊರಿ ಓನ್ಲಿ’ ಆಯ್ಕೆಯೊಂದಿಗೆ ಓಡಿಸಲಿ. ಅಲ್ಲಿ ವಿಎಂ ಹೆಸರು ಯುಯುಐಡಿ (ಓಪನ್‌ಸ್ಟ್ಯಾಕ್ ಕೊಟ್ಟ ಉದ್ದನೆಯ ಗುರುತು) ಅಲ್ಲ, ‘ಇನ್‌ಸ್ಟನ್ಸ್’ ಎಂದು ಶುರುವಾಗುವ ಲಿಬ್‌ವರ್ಟ್ ಹೆಸರು. ‘ಸರ್ವರ್ ಶೋ’ ವಿವರದಲ್ಲಿ ಅಡ್ಮಿನ್‌ಗೆ ಅದು ಕಾಣುತ್ತದೆ. ಫಾರ್ಮ್ಯಾಟ್ ಇಎಲ್‌ಎಫ್ ಆಗಿಯೇ ಇರಲಿ, ಕುಗ್ಗಿಸಿದ ಕೆಡಂಪ್ ರೂಪ ಮುಂದೆ ವಿಶ್ಲೇಷಣೆಗೆ ತೊಡಕು. 16 ಜಿಬಿ ಮೆಮೊರಿಯನ್ನು ಸೆಕೆಂಡಿಗೆ 200 ಎಂಬಿ ವೇಗದಲ್ಲಿ ಬರೆದರೆ ಸುಮಾರು 82 ಸೆಕೆಂಡು ಬೇಕು. ಡೇಟಾಬೇಸ್ ಕ್ಲಸ್ಟರಿನ ನೋಡ್ ಆಗಿದ್ದರೆ ಅಷ್ಟರಲ್ಲಿ ಫೇಲ್‌ಓವರ್ ಆಗಿ ಕೆಲಸ ಬೇರೆ ನೋಡ್‌ಗೆ ಹೋಗಬಹುದು, ಸಂಬಂಧಪಟ್ಟವರಿಗೆ ಮೊದಲೇ ತಿಳಿಸಿ.

ಇಲ್ಲಿ ಅತಿ ದೊಡ್ಡ ಅಪಾಯವೆಂದರೆ ಡಂಪ್ ಬರೆಯುವ ಜಾಗ. ವಿಎಂ ಡಿಸ್ಕ್‌ಗಳಿರುವ ಪಾರ್ಟಿಷನ್‌ನಲ್ಲೇ 128 ಜಿಬಿಯ ಡಂಪ್ ಸುರಿದರೆ ಜಾಗ ತುಂಬುತ್ತದೆ. ಆಗ ಬೆಳೆಯಲು ಎಡೆಯಿಲ್ಲದೆ ಅದೇ ಹೋಸ್ಟ್‌ನ ಬೇರೆ ಗ್ರಾಹಕರ ವಿಎಂಗಳೂ ನಿಂತುಬಿಡುತ್ತವೆ. ಡಂಪ್‌ಗೆ ಪ್ರತ್ಯೇಕ ಮೌಂಟ್ ಕೊಡಿ. ವಿಎಂನ ಮೆಮೊರಿಗಿಂತ ಹೆಚ್ಚು ಖಾಲಿ ಜಾಗ ಇದೆಯೇ ಎಂದು ನೋಡದೆ ಏಜೆಂಟ್ ಕೆಲಸ ಶುರುಮಾಡಕೂಡದು.

ಡಿಸ್ಕ್: ಪದರಗಳ ಬಗ್ಗೆ ಎಚ್ಚರ

ವಿಎಂ ಇನ್ನೂ ತಡೆಹಿಡಿದ ಸ್ಥಿತಿಯಲ್ಲಿರುವಾಗಲೇ ಡಿಸ್ಕ್ ಸ್ನ್ಯಾಪ್‌ಶಾಟ್ ತೆಗೆಯಿರಿ. ಮೆಮೊರಿ, ಡಿಸ್ಕ್ ಎರಡೂ ಒಂದೇ ಕ್ಷಣದವು ಎಂಬುದು ಮುಂದೆ ಬಹಳ ನೆರವಿಗೆ ಬರುತ್ತದೆ.

ನೋವಾದ ಇನ್‌ಸ್ಟನ್ಸಸ್ ಫೋಲ್ಡರಿನಲ್ಲಿರುವ ‘ಡಿಸ್ಕ್’ ಫೈಲನ್ನು ಮಾತ್ರ ನಕಲು ಮಾಡುವ ತಪ್ಪು ಆಗಾಗ ನಡೆಯುತ್ತದೆ. ಅದು ಬದಲಾವಣೆಗಳನ್ನಷ್ಟೇ ಇಡುವ, ಕ್ಯೂಕೌ2 ಎಂಬ ಫೈಲ್ ರೂಪದ ಮೇಲ್ಪದರ ಅಷ್ಟೇ; ಅದರಡಿಯ ಮೂಲ ಇಮೇಜ್ ‘ಬೇಸ್’ ಫೋಲ್ಡರಿನಲ್ಲಿ ಇರುತ್ತದೆ. ಅದಿಲ್ಲದೆ ಮೇಲ್ಪದರ ತೆರೆಯುವುದೇ ಇಲ್ಲ. ‘ಸರ್ವರ್ ಇಮೇಜ್ ಕ್ರಿಯೇಟ್’ ಬಳಸಿದರೆ ನೋವಾ ಎರಡನ್ನೂ ಕೂಡಿಸಿ ಇಮೇಜ್ ಸಂಗ್ರಹವಾದ ಗ್ಲಾನ್ಸ್‌ಗೆ ಕಳಿಸುತ್ತದೆ. ಟಾಸ್ಕ್ ಸ್ಥಿತಿ ‘ಇಮೇಜ್ ಅಪ್‌ಲೋಡಿಂಗ್’ ಎಂದು ಬಂದಾಗ ಡಿಸ್ಕ್ ನಕಲು ಮುಗಿದಿರುತ್ತದೆ, ಅಲ್ಲಿಯವರೆಗೆ ‘ಅನ್‌ಪಾಸ್’ ಬೇಡ.

ವಾಲ್ಯೂಮ್‌ನಿಂದ (ಸಿಂಡರ್ ಸೇವೆ ಕೊಡುವ ಪ್ರತ್ಯೇಕ ಡಿಸ್ಕ್) ಬೂಟ್ ಆದ ವಿಎಂಗಳಲ್ಲಿ ಮಾತ್ರ ಇದೇ ಕಮಾಂಡ್ 0 ಬೈಟ್‌ನ ಇಮೇಜ್ ತೋರಿಸುತ್ತದೆ. ವಿಫಲವಾಯಿತೆಂದು ಅದನ್ನು ಅಳಿಸಬೇಡಿ. ನಿಜವಾದ ದತ್ತಾಂಶ ಸಿಂಡರ್ ಸ್ನ್ಯಾಪ್‌ಶಾಟ್‌ನಲ್ಲಿದೆ. ಡಿಸ್ಕ್‌ಗೆ ಡಿಸ್ಕಾರ್ಡ್ ಸೌಲಭ್ಯ (ಅಳಿಸಿದ ಜಾಗವನ್ನು ಸ್ಟೋರೇಜ್‌ಗೆ ಮರಳಿಸುವುದು, ಅದೇ ಟ್ರಿಮ್) ಹಾಕಿದ್ದರೆ, ಒಳಗೆ ಅಳಿಸಿ ಟ್ರಿಮ್ ಆದ ಫೈಲ್‌ಗಳು ಮರಳಿ ಸಿಗುವ ಆಸೆ ಬಿಡಿ.

ಹ್ಯಾಶ್‌ನ (ದತ್ತಾಂಶದ ಬೆರಳಚ್ಚಿನಂಥ ಮೌಲ್ಯ) ಲೆಕ್ಕ ನಕಲು ನಡೆಯುವಾಗಲೇ ಆಗಲಿ, ಆಮೇಲೆ ಅಲ್ಲ. ಗ್ಲಾನ್ಸ್ ತಾನಾಗಿಯೇ ಎಸ್‌ಎಚ್‌ಎ-512 ಎಂಬ ವಿಧಾನದ ಹ್ಯಾಶ್ ಬರೆದಿಡುತ್ತದೆ. ಆದರೆ ಒಂದೇ ದತ್ತಾಂಶವನ್ನು ಎರಡು ಕ್ಯೂಕೌ2 ಫೈಲ್‌ಗಳು ಬೇರೆ ಬೇರೆಯಾಗಿ ಜೋಡಿಸಿಟ್ಟಿರಬಹುದು, ಆಗ ಹ್ಯಾಶ್ ಕೂಡಿ ಬರದು. ಆದ್ದರಿಂದ ರಾ (ಕಚ್ಚಾ) ರೂಪಕ್ಕೆ ಬದಲಿಸಿ ಎಸ್‌ಎಚ್‌ಎ-256 ತೆಗೆದು, ಯಾವ ರೂಪದ ಹ್ಯಾಶ್ ಎಂದೂ ಬರೆಯಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರಡಿ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನೂ ಅದರ ವಿಧಾನವನ್ನೂ ನಮೂದಿಸಬೇಕು. ಅದರ ‘ಎ’ ಭಾಗ ದಾಖಲೆ ಹಾಜರುಪಡಿಸುವವರದು, ‘ಬಿ’ ಭಾಗ ತಜ್ಞರದು.

ಲಾಗ್‌ಗೆ ಹ್ಯಾಶ್ ಮರ

ಯಾರು ಯಾವಾಗ ಯಾವ ಎಪಿಐ ಕರೆದರು ಎಂಬುದು ಬೇಕಿದ್ದರೆ ನೋವಾ, ನ್ಯೂಟ್ರಾನ್‌ಗಳಲ್ಲಿ ಕೀಸ್ಟೋನ್ ಮಿಡಲ್‌ವೇರ್‌ನ ಆಡಿಟ್ ಫಿಲ್ಟರ್ ಹಾಕಿ. ಲಾಗ್‌ಗಳು ಆಗಿಂದಾಗಲೇ ಬೇರೆ ಯಂತ್ರಕ್ಕೆ ಹೋಗಲಿ.

ಕಷ್ಟವಿರುವುದು ಮುಂದೆ. ಆ ಲಾಗ್‌ನಲ್ಲಿ ಎಲ್ಲ ಗ್ರಾಹಕರ ಸಾಲುಗಳೂ ಬೆರೆತಿರುತ್ತವೆ. ಪೂರ್ತಿ ಕೊಟ್ಟರೆ ಉಳಿದವರ ಗುಟ್ಟು ಬಯಲಾಗುತ್ತದೆ, ಆಯ್ದು ಕೊಟ್ಟರೆ ತಿದ್ದಿದ್ದೀರಿ ಎಂಬ ಆಕ್ಷೇಪ ಬರುತ್ತದೆ. ಫ್ರಾಸ್ಟ್ ಇದನ್ನು ಹ್ಯಾಶ್ ಮರದಿಂದ ಬಗೆಹರಿಸಿತು. ಪ್ರತಿ ಸಾಲಿಗೂ ಒಂದು ಹ್ಯಾಶ್, ಎರಡೆರಡು ಹ್ಯಾಶ್ ಸೇರಿಸಿ ಮೇಲಿನದು, ಹೀಗೆ ತುದಿಯಲ್ಲಿ ಒಂದೇ ಮೌಲ್ಯ. ಆ ತುದಿಯ ಮೌಲ್ಯವನ್ನು ದಿನಕ್ಕೊಮ್ಮೆ ಕ್ಲೌಡ್ ಆಚೆ ಭದ್ರಪಡಿಸಿದರೆ, ಒಬ್ಬ ಗ್ರಾಹಕನ ಸಾಲುಗಳ ಜೊತೆ ಅಕ್ಕಪಕ್ಕದ ಹ್ಯಾಶ್‌ಗಳನ್ನಷ್ಟೇ ಕೊಟ್ಟು ಅವು ಬದಲಾಗಿಲ್ಲವೆಂದು ತೋರಿಸಬಹುದು. 10 ಲಕ್ಷ ಸಾಲಿನ ಲಾಗ್‌ನಲ್ಲಿ ಒಂದು ಸಾಲಿಗೆ ಸುಮಾರು 20 ಹ್ಯಾಶ್ ಸಾಕು.

ಭಾರತದ ಸೈಬರ್ ತುರ್ತು ಸ್ಪಂದನ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಲಾಗ್ 180 ದಿನ ಇರಬೇಕು, ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಹೋಗಬೇಕು. ಎಲ್ಲ ಹೋಸ್ಟ್‌ಗಳ ಗಡಿಯಾರ ಹೊಂದಿಸಿ, ಲಾಗ್‌ನಲ್ಲಿ ಕಾಲವಲಯವನ್ನೂ ಬರೆಸಿ. ಒಂದು ಲಾಗ್ ಯುಟಿಸಿ, ಇನ್ನೊಂದು ಭಾರತೀಯ ಕಾಲಮಾನವಾದರೆ ಘಟನೆಗಳ ಸರಣಿ ಐದೂವರೆ ಗಂಟೆ ತಪ್ಪುತ್ತದೆ.

ವಿಶ್ಲೇಷಣೆಗೆ ಮುಂಚೆ

ಮೆಮೊರಿ ಓದಲು ವೊಲಟಿಲಿಟಿ 3 ಎಂಬ ಸಲಕರಣೆ ಇದೆ. ಲಿನಕ್ಸ್ ವಿಎಂಗೆ ಅದೇ ಕರ್ನಲ್ ಆವೃತ್ತಿಯ ಸಿಂಬಲ್ ಫೈಲ್ (ಮೆಮೊರಿಯಲ್ಲಿ ಯಾವುದು ಎಲ್ಲಿದೆ ಎಂಬ ನಕ್ಷೆ) ಬೇಕು, ಇಲ್ಲದಿದ್ದರೆ ಪ್ರಕ್ರಿಯೆಗಳ ಪಟ್ಟಿಯೂ ಬಾರದು. ಇಮೇಜ್ ತಯಾರಿಸುವ ದಿನವೇ ಕರ್ನಲ್‌ನ ಡೀಬಗ್ ಪ್ಯಾಕೇಜ್ ಇಳಿಸಿ, ‘ಡ್ವಾರ್ಫ್2ಜೆಸನ್’ನಿಂದ ಸಿಂಬಲ್ ಫೈಲ್ ಮಾಡಿಟ್ಟುಕೊಳ್ಳಿ. ಡಿಸ್ಕ್ ನಕಲನ್ನು ರೀಡ್-ಓನ್ಲಿ ಆಗಿ ಮೌಂಟ್ ಮಾಡಿದರಷ್ಟೇ ಸಾಲದು, ಇಎಕ್ಸ್‌ಟಿ4 ಆಗಿದ್ದರೆ ‘ನೋಲೋಡ್’, ಎಕ್ಸ್‌ಎಫ್‌ಎಸ್ ಆಗಿದ್ದರೆ ‘ನೋರಿಕವರಿ’ ಸೇರಿಸಿ. ಇಲ್ಲದಿದ್ದರೆ ಜರ್ನಲ್ (ಫೈಲ್ ಸಿಸ್ಟಂ ಬರೆದಿಟ್ಟ ಬಾಕಿ ಬದಲಾವಣೆಗಳು) ಮರುಓಟಕ್ಕೆ ನಕಲು ಬದಲಾಗಬಹುದು.

ಎಎಂಡಿ ಪ್ರೊಸೆಸರ್‌ಗಳ ಎಸ್‌ಇವಿ (ವಿಎಂ ಮೆಮೊರಿಯನ್ನು ಗೂಢಲಿಪೀಕರಿಸುವ ಸೌಲಭ್ಯ) ಬಳಸುವ ವಿಎಂಗಳಲ್ಲಿ ಹೋಸ್ಟ್‌ನಿಂದ ತೆಗೆದ ಮೆಮೊರಿ ಗೂಢಲಿಪಿಯಲ್ಲೇ ಬರುತ್ತದೆ, ಅದರಿಂದ ಏನೂ ಓದಲಾಗದು. ಅಂಥ ವಿಎಂಗಳ ಪಟ್ಟಿ ಮೊದಲೇ ಮಾಡಿ, ಅವುಗಳ ಇಮೇಜ್‌ನಲ್ಲೇ ಮೆಮೊರಿ ತೆಗೆಯುವ ಸಲಕರಣೆ ಸೇರಿಸಿಡಬೇಕು.