ಪುನಲುಉ ಬೀಚಿನಲ್ಲಿ ಆಮೆ ನೋಡಿದ್ದು: ನನ್ನ ಅನುಭವ

ಹವಾಯಿಯ ಬಿಗ್ ಐಲ್ಯಾಂಡಿಗೆ ಹೋದವರಲ್ಲಿ ಎಷ್ಟೋ ಜನ ಜ್ವಾಲಾಮುಖಿ ನ್ಯಾಷನಲ್ ಪಾರ್ಕ್ ನೋಡಿ ವಾಪಸ್ ಹೊರಟುಬಿಡುತ್ತಾರೆ. ಅಲ್ಲಿಂದ ಹೆದ್ದಾರಿ 11ರಲ್ಲಿ ದಕ್ಷಿಣಕ್ಕೆ ಅರ್ಧ-ಮುಕ್ಕಾಲು ಗಂಟೆ ಹೋದರೆ, ಪಹಾಲಾ ಊರು ದಾಟಿದ ಮೇಲೆ ಪುನಲುಉ ಸಿಗುತ್ತದೆ. ದಯವಿಟ್ಟು ಇದನ್ನು ಬಿಡಬೇಡಿ.

ಆಮೆಗಳು ಮೈ ಕಾಯಿಸಿಕೊಳ್ಳಲು ಬರುವ ಜಾಗ ಅಂತ ಗೊತ್ತಿದ್ದರಿಂದ ನಾವು ಬೇಕಂತಲೇ ಬಿಸಿಲೇರಿದ ಮೇಲೆ ಹೋದೆವು. ಆ ಹೊತ್ತಿಗೆ ಕಪ್ಪು ಮರಳು ಕಾದ ಕಾವಲಿಯಂತೆ ಇರುತ್ತದೆ, ಚಪ್ಪಲಿ ಬೇಕೇ ಬೇಕು. ಮರಳನ್ನು ಅಂಗೈ ಮೇಲೆ ಹಾಕಿಕೊಂಡು ನೋಡಿ. ಕಣಗಳ ಅಂಚು ಗಾಜಿನ ಹಾಗೆ ಮಿನುಗುತ್ತದೆ. ಬಿಸಿ ಲಾವಾ ಸಮುದ್ರಕ್ಕೆ ಬಿದ್ದ ಕೂಡಲೇ ಸಿಡಿದು ಚೂರಾಗಿ ಆದ ಮರಳು ಇದು.

ಮೊದಲ ಆಮೆಯನ್ನು ಬಂಡೆ ಅಂದುಕೊಂಡು ಜನ ದಾಟಿಹೋಗುತ್ತಿದ್ದರು, ಅಷ್ಟು ಅಲುಗಾಡದೆ ಮಲಗಿತ್ತು. ಸ್ವಲ್ಪ ದೂರದಲ್ಲಿ ಕೂತು ಸುಮ್ನೆ ನೋಡುತ್ತಿದ್ದೆವು. ತುಂಬಾ ಹೊತ್ತಿನ ಮೇಲೆ ತಲೆ ಒಂಚೂರು ಎತ್ತಿತು, ಗಂಟಲು ಉಬ್ಬಿತು, ಉಸಿರು ಬಿಟ್ಟು ಮತ್ತೆ ಗದ್ದ ಊರಿತು. ಕಣ್ಣಿನ ಕೆಳಗೆ ಒದ್ದೆ ಗೆರೆ ಇತ್ತು. ನನ್ನ ಮಗಳು ಆಮೆ ಅಳ್ತಿದೆ ಅಂತ ಗಾಬರಿಯಾದಳು. ಮೈಯಲ್ಲಿ ಜಾಸ್ತಿಯಾದ ಉಪ್ಪನ್ನು ಅದು ಹಾಗೇ ಕಣ್ಣಿನ ಹತ್ತಿರದ ಗ್ರಂಥಿಯಿಂದ ಹೊರಹಾಕುತ್ತದೆ ಅಂತ ಹೇಳಿದ ಮೇಲೆ ಸಮಾಧಾನವಾಯಿತು.

ಇವು ಹಸಿರು ಕಡಲಾಮೆಗಳು, ಅಲ್ಲಿನವರು ಹೊನು ಅನ್ನುತ್ತಾರೆ. ಕಡಲಾಮೆಗಳಲ್ಲಿ ಸಾಮಾನ್ಯವಾಗಿ ದಡಕ್ಕೆ ಬರುವುದು ಹೆಣ್ಣು ಮಾತ್ರ, ಅದೂ ಮೊಟ್ಟೆಯಿಡಲು. ನಮ್ಮ ಕಾರವಾರ, ಹೊನ್ನಾವರದ ಕಡೆಯ ಆಲಿವ್ ರಿಡ್ಲೆಗಳೂ ಹೀಗೇ ರಾತ್ರಿ ಬಂದು ಮೊಟ್ಟೆಯಿಟ್ಟು ಹೋಗುತ್ತವೆ, ಅಲ್ವಾ? ಹವಾಯಿಯಲ್ಲಿ ಗಂಡು ಹೆಣ್ಣು ಎರಡೂ ಹಗಲಲ್ಲೇ ಮೇಲೆ ಬಂದು ಮಲಗುತ್ತವೆ. ಪ್ರಪಂಚದಲ್ಲಿ ಇದು ಕೆಲವೇ ಕಡೆ ಕಾಣುವ ದೃಶ್ಯ. ಬಿಸಿಲಲ್ಲಿ ಮೈ ಬೆಚ್ಚಗಾಗುತ್ತದೆ, ಟೈಗರ್ ಶಾರ್ಕ್‌ಗಳ ಕಾಟವೂ ಇರುವುದಿಲ್ಲ. ಮೊಟ್ಟೆಯಿಡಲು ಮಾತ್ರ ಇವುಗಳಲ್ಲಿ ಹೆಚ್ಚಿನವು ನೂರಾರು ಕಿಲೋಮೀಟರ್ ಈಜಿ ವಾಯವ್ಯದ ಪುಟ್ಟ ದ್ವೀಪಗಳಿಗೆ ಹೋಗುತ್ತವೆ. ಅಷ್ಟು ದೂರ ಈಜುವ ಪ್ರಾಣಿ ಮಲಗಿದಾಗ ಅದರ ಪಾಡಿಗೆ ಬಿಡಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ.

ಕನಿಷ್ಠ 10 ಅಡಿ ದೂರ ಇರಿ ಅನ್ನುವುದು ಅಲ್ಲಿನ ಸೂಚನೆ. ನಾವು ಅದರ ಎರಡರಷ್ಟು ದೂರ ಕೂತೆವು, ಮೊಬೈಲಿನ ಝೂಮ್‌ನಲ್ಲೇ ಒಳ್ಳೆ ಫೋಟೋ ಬಂತು. ಆಮೆಗೂ ನೀರಿಗೂ ನಡುವೆ ಮಾತ್ರ ನಿಲ್ಲಬೇಡಿ, ಅದು ವಾಪಸ್ ಹೋಗುವ ದಾರಿ ಅದು. ಮುಟ್ಟುವುದು ಕಾನೂನು ಪ್ರಕಾರ ಅಪರಾಧ. ಸೆಲ್ಫಿಗಾಗಿ ಪಕ್ಕದಲ್ಲೇ ಮಂಡಿಯೂರಿದ ಒಬ್ಬರಿಗೆ ನಾನು ಮೆಲ್ಲಗೆ ಹೇಳಿದೆ, ಕೂಡಲೇ ಹಿಂದೆ ಸರಿದರು. ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ.

ಈಜುವ ಯೋಚನೆ ಇದ್ದರೆ ಅಲೆ, ಸೆಳೆತ ನೋಡಿಕೊಳ್ಳಿ. ದಡದ ಹತ್ತಿರ ಕಾಲಿಟ್ಟರೆ ಥಟ್ಟನೆ ಕೊರೆಯುವ ತಣ್ಣೀರು ತಾಗುತ್ತದೆ. ನೆಲದಡಿಯ ಸಿಹಿನೀರು ಸಮುದ್ರದೊಳಗೇ ಉಕ್ಕುವ ಜಾಗ ಅದು. ಹಿಂದಿನವರು ಮುಳುಗಿ ಅಲ್ಲಿಂದಲೇ ಕುಡಿಯುವ ನೀರು ತುಂಬಿಕೊಳ್ಳುತ್ತಿದ್ದರಂತೆ.

ಹೊರಡುವಾಗ ಚಪ್ಪಲಿ, ಟವೆಲ್, ಮಕ್ಕಳ ಜೇಬು ಎಲ್ಲವನ್ನೂ ಅಲ್ಲೇ ಕೊಡವಿದೆವು. ಒಂದು ಹಿಡಿ ಮರಳನ್ನೂ ಒಯ್ಯುವ ಹಾಗಿಲ್ಲ. ಈ ದಡಕ್ಕೆ ಈಗ ಲಾವಾ ಬರುತ್ತಿಲ್ಲ, ಹೋದ ಮರಳಿಗೆ ಬದಲಿ ಇಲ್ಲ.